ಮುಕಾದಮನ ದನಿ

ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದ ರೋಶನ್ ಕೊಟ್ಟ ಸರ್ಕ್ಯೂಟ್ ಬೋರ್ಡನ್ನು ರಂಜನಾ ಮೊದಲ ಸಲ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಬೋರ್ಡಿನ ಕೆಂಪು ದೀಪವೇನೋ ಹತ್ತಿತು, ಲ್ಯಾಪ್‌ಟಾಪು ಮಾತ್ರ ಅದನ್ನು ಗುರುತಿಸಲೇ ಇಲ್ಲ. ಡ್ರೈವರ್ ಮತ್ತೆ ಹಾಕಿದಳು, ಬೇರೆ ಪೋರ್ಟಿಗೆ ಚುಚ್ಚಿದಳು, ರೀಸ್ಟಾರ್ಟ್ ಮಾಡಿದಳು. ಬಹಳ ಹೊತ್ತಿನ ಮೇಲೆ ತಪ್ಪು ಕೇಬಲ್ಲಿನದೆಂದು ಹೊಳೆಯಿತು. ಗಂಡನ ಮೊಬೈಲ್ ಚಾರ್ಜರಿನ ಅಗ್ಗದ ಕೇಬಲ್ಲು ಕರೆಂಟನ್ನಷ್ಟೇ ಒಯ್ಯುತ್ತದೆ, ಡೇಟಾ ಒಯ್ಯುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಾಗಿದ್ದರೆ ಇದು ಅವಳಿಗೆ ನೋಡುತ್ತಲೇ ತಿಳಿಯುತ್ತಿತ್ತು.

ಬೇರೆ ಕೇಬಲ್ ಹಾಕಿದಳು. ಹೊಸ ಬೋರ್ಡು ಕೈಗೆ ಬಂದವರೆಲ್ಲ ಮೊದಲು ಬರೆಯುವ ಪ್ರೋಗ್ರಾಮನ್ನೇ ಬರೆದಳು. ಒಂದು ದೀಪ ಹತ್ತಬೇಕು, ಆರಬೇಕು, ಮತ್ತೆ ಹತ್ತಬೇಕು, ಅಷ್ಟೇ. ಪ್ರೋಗ್ರಾಮ್ ಚಿಪ್ಪಿನೊಳಗೆ ಇಳಿಯಿತು. ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಹಸಿರು ದೀಪ ಮಿಣುಕತೊಡಗಿತು. ರಂಜನಾ ಅದನ್ನೇ ನೋಡುತ್ತ ನಿಂತಳು. ಹಾಲು ಉಕ್ಕಿ ಗ್ಯಾಸಿನ ಮೇಲೆ ಚೆಲ್ಲಿದ್ದು ಸೀದ ವಾಸನೆ ಬಂದ ಮೇಲೆಯೇ ಅವಳಿಗೆ ಗೊತ್ತಾಯಿತು.

ರಂಜನಾ ಹುಟ್ಟಿ ಬೆಳೆದದ್ದು ಮುಂಬಯಿಯ ಕಾಂದಿವಲಿಯ ಚಾಳಿನಲ್ಲಿ. ವಿಜಯಪುರದ ಸಿಂದಗಿ ಕಡೆಯಿಂದ ಬಂದಿದ್ದ ಅವಳ ಅಪ್ಪ ಕಟ್ಟಡಗಳಿಗೆ ಬಣ್ಣ ಹಚ್ಚುತ್ತ ಮಗಳಿಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ. ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಲಿಫ್ಟಿನ ಪ್ಯಾನೆಲ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಪ್ಯಾನೆಲ್ಲಿನೊಳಗಿನ ಮೈಕ್ರೋಕಂಟ್ರೋಲರಿಗೆ, ಅಂದರೆ ಲಿಫ್ಟು ಯಾವಾಗ ಏರಬೇಕು ಎಲ್ಲಿ ನಿಲ್ಲಬೇಕು ಎಂದು ಹೇಳುವ ಆ ಕಪ್ಪು ಚಿಪ್ಪಿಗೆ, ಪ್ರೋಗ್ರಾಮ್ ಬರೆಯುವುದು ಅವಳ ಕೆಲಸ. ಪಕ್ಕದ ಮೇಜಿನಲ್ಲಿ ಮಂಗಳೂರಿನ ರೋಶನ್ ಕೂರುತ್ತಿದ್ದ.

ದಹಿಸರಿನ ಶರಣುವನ್ನು ಮದುವೆಯಾದ ಮೇಲೂ ಅವಳು ಕೆಲಸ ಬಿಟ್ಟಿರಲಿಲ್ಲ. ಅತ್ತೆ ನೀಲಾಬಾಯಿಗೆ ಅದು ಸೇರಲಿಲ್ಲ. ಮಳೆಯ ಒಂದು ಸಂಜೆ ಲೋಕಲ್ ರೈಲು ತಡವಾಗಿ, ತೊಯ್ದು ಬಂದ ಸೊಸೆಗೆ ಬಾಗಿಲು ತೆಗೆಯದೆ, ಮಗ ಬರುವ ತನಕ ಅವಳನ್ನು ಹೊರಗೆ ಪ್ಯಾಸೇಜಿನಲ್ಲಿ ಚಪ್ಪಲಿಗಳ ನಡುವೆ ಕೂರಿಸಿದ್ದಳು. ಇನ್ನೊಂದು ದಿನ ರಂಜನಾಳ ಸೋಲ್ಡರಿಂಗ್ ಐರನ್ನು, ಮೀಟರು, ಬೋರ್ಡುಗಳನ್ನೆಲ್ಲ ಗುಜರಿ ಕೊಳ್ಳುವ ಭಂಗಾರದವನಿಗೆ ಹಾಕಿ ಎರಡು ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದಳು. ಆಮೇಲೆ ರಂಜನಾಳಿಗೆ ಗರ್ಭಪಾತವಾಯಿತು. ವಾರ್ಡಿಗೆ ಬಂದ ನೀಲಾಬಾಯಿ ಪಕ್ಕದ ಮಂಚದವರಿಗೂ ಕೇಳುವಂತೆ ಹೇಳಿದಳು: "ಆ ವಾಯರ್ ಸುಟ್ಟ ಹೊಗಿ ಕುಡದು ಕುಡದು ಹೊಟ್ಟ್ಯಾಗಿನ ಕೂಸಿನ ಕೊಂದ್ಲು ನೋಡ್ರಿ ಇಕಿ." ಶರಣು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ರಂಜನಾ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಬಸಿರೂ ಆಗಲಿಲ್ಲ.

ಆ ಮನೆಯಲ್ಲಿ ನೀಲಾಬಾಯಿ ಹೆದರುತ್ತಿದ್ದದ್ದು ಗಂಡ ಭೀಮರಾಯನಿಗೆ ಮಾತ್ರ. ಅವನು ಮುಕಾದಮ. ಊರ ಕಡೆಯಿಂದ ಆಳುಗಳ ತಂಡ ಕಟ್ಟಿ ತಂದು ಬಿಲ್ಡಿಂಗ್ ಸೈಟುಗಳಲ್ಲಿ ದುಡಿಸುತ್ತಿದ್ದ. ಸೈಟಿನಲ್ಲಿ ಕೂಗಿದ ದನಿಯಲ್ಲೇ ಮನೆಯಲ್ಲೂ ಕೂಗುತ್ತಿದ್ದ. ಹಲವು ಸಲ ಬಾಯಿಗಿಂತ ಮೊದಲು ಕೈಯೇ ಮುಂದಾಗುತ್ತಿತ್ತು. ನೀಲಾಬಾಯಿಯ ಎಡಗಿವಿ ಕೇಳದಂತಾದದ್ದು ಅವನ ಏಟಿಗೆ. ಅವನು ಎದೆನೋವಿನಿಂದ ಸೈಟಿನಲ್ಲೇ ಕುಸಿದು ಸತ್ತಾಗ ಆಕೆ ಅಳಲಿಲ್ಲ. ದಿನಗಟ್ಟಲೆ ಬಾಗಿಲ ಕಡೆಗೇ ನೋಡುತ್ತ ಕೂತಳು. ಮರೆವು ಶುರುವಾದದ್ದು ಆಗಲೇ ಇರಬೇಕು. ಮನೆಯವರಿಗೆ ಅದು ಗೊತ್ತಾಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ಮೊದಲು ಉಪ್ಪು ಸಕ್ಕರೆ ಮರೆತಳು, ಆಮೇಲೆ ಸೊಸೆಯ ಹೆಸರು ಮರೆತಳು, ಕೊನೆಗೆ ಗಂಡ ಸತ್ತದ್ದನ್ನೂ ಮರೆತಳು. ಬಾಗಿಲು ತೆರೆದಿದ್ದರೆ ಸಾಕು, "ಊರಿಗೆ ಹೋಗ್ತೀನಿ" ಎಂದು ಹೊರಡುತ್ತಿದ್ದಳು. ಒಮ್ಮೆ ದಹಿಸರ್ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಸಿಕ್ಕಳು. ಇನ್ನೊಮ್ಮೆ ರಿಕ್ಷಾದವನೊಬ್ಬ ಚೆಕ್‌ನಾಕಾದ ಹತ್ತಿರದಿಂದ ಕರೆತಂದು ಬಿಟ್ಟ. ಬೀಗ ಹಾಕಿದರೆ ಒಳಗಿನಿಂದ ಬಾಗಿಲು ಬಡಿದು ಕೂಗುತ್ತಿದ್ದಳು. ಬಿಲ್ಡಿಂಗಿನವರು ಶರಣುವನ್ನು ಕರೆದು ದೂರಿದರು. ಅಪ್ಪನ ಹಾಗೆಯೇ ಸೈಟುಗಳನ್ನು ನೋಡಿಕೊಳ್ಳುತ್ತಿದ್ದ ಶರಣು ಬೆಳಿಗ್ಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ.

"ನೀ ಮನ್ಯಾಗ ಇರ್ತಿಯಲ್ಲ, ನೋಡ್ಕೊ," ಎಂದ ಹೆಂಡತಿಗೆ.

ನೋಡಿಕೊಳ್ಳುವುದೆಂದರೆ ಬಾಗಿಲಿನಿಂದ ಎಳೆದು ತರುವುದು. ಎಳೆದರೆ ನೀಲಾಬಾಯಿ ಪರಚುತ್ತಿದ್ದಳು. ಒಂದು ದಿನ ರಂಜನಾಳ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಅವತ್ತೇ ರಂಜನಾ ರೋಶನ್‌ಗೆ ಫೋನ್ ಮಾಡಿದ್ದು.

"ಎಂತ ಮಾರಾಯ್ತಿ, ಇಷ್ಟು ವರ್ಷದ ಮೇಲೆ ನೆನಪಾಯ್ತಾ?" ಎಂದು ನಕ್ಕ ಅವನು, ಅವಳ ಕಥೆಯನ್ನೆಲ್ಲ ಕೇಳಿ ಹೇಳಿದ: "ಕಂಪನಿಯಲ್ಲಿ ಒಂದು ಇವ್ಯಾಲ್ಯುಯೇಶನ್ ಬೋರ್ಡ್ ಸುಮ್ಮನೆ ಬಿದ್ದಿದೆ. ಚಿಪ್ ಟೆಸ್ಟ್ ಮಾಡ್ಲಿಕ್ಕೆ ತರಿಸಿದ್ದು, ಈಗ ಯಾರಿಗೂ ಬೇಡ. ಒಂದು ಸೆನ್ಸರ್, ಒಂದು ಬಜರ್ ಹಾಕು. ಬಾಗಿಲ ಹತ್ರ ಯಾರಾದ್ರೂ ಬಂದ್ರೆ ನಿನಗೆ ಗೊತ್ತಾಗ್ತದೆ. ನಿನಗೂ ಕೈ ಸ್ವಲ್ಪ ಆಡಿದ ಹಾಗೆ ಆಯ್ತು."

ಹಾಗೆ ಬಂದ ಬೋರ್ಡದು. ಅಂಗೈಯಷ್ಟು ಅಗಲ, ಎರಡೂ ಅಂಚಿಗೆ ಪಿನ್ನುಗಳ ಸಾಲು, ನಡುವೆ ಚಿಪ್ಪು, ಮೂಲೆಯಲ್ಲೊಂದು ನೀಲಿ ಬಟನ್ನು. ದೀಪ ಮಿಣುಕಿದ ಮೇಲೆ ರಂಜನಾ ಒಂದು ಪಿನ್ನಿಗೆ ಮನುಷ್ಯರ ಚಲನೆ ಹಿಡಿಯುವ ಸೆನ್ಸರ್ ಜೋಡಿಸಿದಳು, ಇನ್ನೊಂದಕ್ಕೆ ಬಜರ್. ಹಳೆಯ ಟಿಫಿನ್ ಡಬ್ಬಿಯಲ್ಲಿ ಬೋರ್ಡನ್ನು ಕೂರಿಸಿ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ಕರೆಂಟ್ ಹೋದರೂ ನಡೆಯಲಿ ಎಂದು ಒಂದು ಪವರ್ ಬ್ಯಾಂಕ್ ಇಟ್ಟಳು. ತಾನು, ಗಂಡ ಓಡಾಡುವಾಗ ಬಂದ್ ಮಾಡಲು ಬಾಗಿಲ ಚೌಕಟ್ಟಿನ ಮೇಲೆ, ಅತ್ತೆಯ ಕೈಗೆ ನಿಲುಕದಷ್ಟು ಎತ್ತರದಲ್ಲಿ ಒಂದು ಸ್ವಿಚ್ಚು.

ಎಲ್ಲ ಸರಿಯಾಗಿ ನಡೆಯಿತು. ನೀಲಾಬಾಯಿ ಬಾಗಿಲ ಹತ್ತಿರ ಹೋದೊಡನೆ ಬಜರ್ ಕಿರ್ರೆನ್ನುತ್ತಿತ್ತು. ಆದರೆ ಅದರಿಂದ ನೀಲಾಬಾಯಿಗೆ ಏನೂ ಆಗುತ್ತಿರಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲಿ, ಅರ್ಧ ಸ್ನಾನದಲ್ಲಿ ಓಡಿಬರಬೇಕಾದವಳು ರಂಜನಾ. ಎಳೆದಾಟ, ಪರಚಾಟ ಹಾಗೆಯೇ ಉಳಿಯಿತು.

ಆಗ ಶರಣು, ಅವ್ವನ ಹಳೆಯ ಮೊಬೈಲನ್ನು ಆಕೆಯ ಸಂಚಿಯಲ್ಲಿ ಇಟ್ಟರೆ ಎಲ್ಲಿಗೆ ಹೋದರೂ ಮ್ಯಾಪಿನಲ್ಲಿ ತಿಳಿಯುತ್ತದೆ ಎಂದ. ಮಾರನೆಯ ದಿನ ರಂಜನಾ ಆ ಮೊಬೈಲನ್ನು ಕಪಾಟಿನಿಂದ ತೆಗೆದು ಚಾರ್ಜ್ ಮಾಡಿದಳು. ನೀಲಾಬಾಯಿಗೆ ಓದಲು ಬಾರದ್ದರಿಂದ ಭೀಮರಾಯ ವಾಟ್ಸಾಪಿನಲ್ಲಿ ಮಾತಾಡಿಯೇ ಕಳಿಸುತ್ತಿದ್ದ. ಅವೆಲ್ಲ ಹಾಗೆಯೇ ಇದ್ದವು. ರಂಜನಾ ಸುಮ್ಮನೆ ಒಂದನ್ನು ಒತ್ತಿದಳು.

"ಎಲ್ಲಿಗಿ ಹೊಂಟಿ? ಸುಮ್ನ ಒಳಗ ಹೋಗಿ ಕೂಡು!"

ಪಕ್ಕದ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನೀಲಾಬಾಯಿ ಮಂಚದಿಂದಿಳಿದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಸೆರಗು ಹಣೆಯ ತನಕ ಬಂದಿತ್ತು. ಕಣ್ಣು ನೆಲದಲ್ಲಿತ್ತು. ಕಚ್ಚುವ, ಪರಚುವ ಆ ಮುದುಕಿ ಮೊದಲ ದಿನ ಶಾಲೆಗೆ ಹೋದ ಹುಡುಗಿಯ ಹಾಗೆ ಕೈ ಕಟ್ಟಿ ನಿಂತಿದ್ದಳು.

"ಅವರು ಯಾವಾಗ ಬಂದ್ರು?" ಎಂದು ಪಿಸುಗುಟ್ಟಿದಳು.

ರಂಜನಾ ಹೊರಗೆ ಬಂದು ಅದೇ ಮೆಸೇಜನ್ನು ಮತ್ತೊಮ್ಮೆ ಒತ್ತಿ, ಬಾಗಿಲ ಸಂದಿಯಿಂದ ಒಳಗೆ ನೋಡಿದಳು.

ದನಿಯನ್ನು ಚಿಪ್ಪಿಗೆ ಹಾಕುವುದು ಅವಳು ಹಿಂದೆಂದೂ ಮಾಡದ ಕೆಲಸ. ರೋಶನ್‌ನ ಹತ್ತಿರ ಕೇಳಿ ತಿಳಿದುಕೊಂಡಳು, ಯಾವ ದನಿ ಎಂದು ಮಾತ್ರ ಹೇಳಲಿಲ್ಲ. ಮೆಸೇಜನ್ನು ಲ್ಯಾಪ್‌ಟಾಪಿಗೆ ತಂದು, ಹಿಂದಿನ ಸೈಟಿನ ಕಾಂಕ್ರೀಟ್ ಮಿಕ್ಸರಿನ ಗದ್ದಲ ಕತ್ತರಿಸಿ, ಚಿಪ್ಪಿನ ಸಣ್ಣ ನೆನಪಿನಲ್ಲಿ ಹಿಡಿಯುವಷ್ಟು ಕುಗ್ಗಿಸಿದಳು. ಭೀಮರಾಯನ ಗದರಿಕೆ ಪರದೆಯ ಮೇಲೆ ಅಂಕಿಗಳಾಗಿ ಹರಿಯಿತು, ಪುಟಗಟ್ಟಲೆ ಅಂಕಿ. ಆ ಅಂಕಿಗಳನ್ನೆಲ್ಲ ಪ್ರೋಗ್ರಾಮಿನಲ್ಲಿ ಸೇರಿಸಿ, ಬಜರ್ ಕಿತ್ತು ಅಲ್ಲಿ ಒಂದು ಪುಟ್ಟ ಸ್ಪೀಕರ್ ಕೂರಿಸಿದಳು. ಮೊದಲ ಸಲ ದನಿ ಇಲಿಯ ಹಾಗೆ ಕೀಚಲಾಗಿ ಓಡಿತು. ಟೈಮರಿನ ವೇಗ ತಪ್ಪಾಗಿತ್ತು. ಲೆಕ್ಕ ಹಾಕಿ ಸರಿಪಡಿಸಿದಳು. ಎರಡನೆಯ ಸಲ ಮಾವ ಮನೆಯೊಳಗೆ ನಿಂತು ಮಾತಾಡಿದ.

ಮಧ್ಯಾಹ್ನ ನೀಲಾಬಾಯಿ ಸಂಚಿ ಹಿಡಿದು ಬಾಗಿಲಿಗೆ ಹೊರಟಳು.

"ಎಲ್ಲಿಗಿ ಹೊಂಟಿ? ಸುಮ್ನ ಒಳಗ ಹೋಗಿ ಕೂಡು!"

ಸಂಚಿ ಕೆಳಗೆ ಬಿತ್ತು. ನೀಲಾಬಾಯಿ ಸೆರಗೆಳೆದುಕೊಂಡು ಹಿಂದೆ ಹಿಂದೆ ಸರಿದು ಕೋಣೆಗೆ ಹೋಗಿ ಕೂತಳು. ಅವತ್ತು ರಂಜನಾ ಬಹಳ ದಿನಗಳ ಮೇಲೆ ಕಾಲು ಚಾಚಿ ಕೂತು ಬಿಸಿ ಬಿಸಿ ಊಟ ಮಾಡಿದಳು.

ಸಂಜೆ ಶರಣು ಬಂದು ಸೋಫಾದಲ್ಲಿ ಕೂತಿದ್ದಾಗ ಅವ್ವ ಮತ್ತೆ ಬಾಗಿಲ ಕಡೆ ಹೋದಳು. ಅಪ್ಪನ ದನಿ ಕೇಳಿದ್ದೇ ಶರಣು ಎದ್ದು ನಿಂತುಬಿಟ್ಟ. ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ. ಆಮೇಲೆ ಹೆಂಡತಿಯ ಮುಖ ನೋಡಿ ನಗತೊಡಗಿದ.

"ಏ, ಏನ್ ತಲಿ ಓಡಿಸೀದಿ! ಸತ್ತರೂ ಬಿಡವಲ್ಲ ನೋಡು ನಮ್ಮಪ್ಪ."

"ಬ್ಯಾಡಂದ್ರ ತೆಗೀತೀನ್ರಿ," ಎಂದಳು ರಂಜನಾ.

"ಯಾಕ ತೆಗೀತಿ? ಅವ್ವ ಎಷ್ಟು ಸುಮ್ಮಗದಾಳ ನೋಡಲ್ಲಿ."

ಗ್ಯಾಸು ತಿರುಗಿಸುತ್ತಾಳೆಂದು ಅಡುಗೆಮನೆಯ ಬಾಗಿಲಿಗೆ ಇನ್ನೊಂದು ಸೆನ್ಸರ್ ಬಂತು. ಬಗ್ಗಿ ನೋಡುತ್ತಾಳೆಂದು ಕಿಟಕಿಗೊಂದು. ಇವಕ್ಕೆಲ್ಲ ಕಾರಣವಿತ್ತು. ಆದರೆ ಬಾಗಿಲ ಸೆನ್ಸರ್ ಬಾತ್‌ರೂಮಿಗೆ ಹೋಗುವ ದಾರಿಯನ್ನೂ ನೋಡುತ್ತಿದೆ ಎಂದು ರಂಜನಾಳಿಗೆ ಮೊದಲ ದಿನವೇ ಗೊತ್ತಾಗಿತ್ತು. ನೀಲಾಬಾಯಿ ಬಾತ್‌ರೂಮಿಗೆಂದು ಎದ್ದಾಗಲೂ ಗಂಡ ಗದರುತ್ತಿದ್ದ, ಆಕೆ ಮರಳಿ ಕೂರುತ್ತಿದ್ದಳು, ಕೂತಲ್ಲೇ ಸೀರೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಸೆನ್ಸರಿನ ಹಿಂದಿನ ಸಣ್ಣ ತಿರುಪನ್ನು ತುಸು ತಿರುಗಿಸಿದರೆ ಅದರ ನೋಟ ಕಿರಿದಾಗುತ್ತಿತ್ತು. ರಂಜನಾ ಅದನ್ನು ಕೆಲವು ದಿನ ಬಿಟ್ಟೇ ತಿರುಗಿಸಿದಳು. ಒದ್ದೆ ಸೀರೆಯಲ್ಲಿ ಅತ್ತೆ ಕೂತಿರುವುದನ್ನು ಕಂಡಾಗೆಲ್ಲ, ಚಪ್ಪಲಿಗಳ ನಡುವೆ ತೊಯ್ದು ಕೂತಿದ್ದ ಹುಡುಗಿ ಅವಳೊಳಗೆ ನಿಧಾನಕ್ಕೆ ಬೆಚ್ಚಗಾಗುತ್ತಿದ್ದಳು.

ಬೋರ್ಡಿನ ನೀಲಿ ಬಟನ್ ಪ್ರೋಗ್ರಾಮ್ ಬರೆಯುವವರು ಪರೀಕ್ಷೆ ಮಾಡಿಕೊಳ್ಳಲೆಂದು ಇರುವಂಥದ್ದು. ಅದನ್ನೊತ್ತಿದರೂ ದನಿ ಬರುವ ಹಾಗೆ ರಂಜನಾ ಒಂದು ಸಾಲು ಸೇರಿಸಿದಳು. ಆಮೇಲೆ ಆ ಬಟನ್ನಿನಿಂದ ವಾಯರ್ ಎಳೆದು ಸೋಫಾದ ಪಕ್ಕದಲ್ಲಿ ಬೆಲ್ಲಿನ ಸ್ವಿಚ್ಚೊಂದನ್ನು ಇಟ್ಟುಕೊಂಡಳು. ಅದಕ್ಕೆ ಕಾರಣ ಇರಲಿಲ್ಲ. ನೀಲಾಬಾಯಿ ಕುಡಿದ ಚಹಾವನ್ನು ಮರೆತು ಮತ್ತೆ ಕೇಳಿದರೆ ಒತ್ತುತ್ತಿದ್ದಳು. ಹಾಡು ಗುನುಗಿದರೆ ಒತ್ತುತ್ತಿದ್ದಳು. ಮರೆವಿನ ನಡುವೆ ಹಳೆಯ ನೀಲಾಬಾಯಿ ಇದ್ದಕ್ಕಿದ್ದಂತೆ ಎದ್ದುಬಂದು "ಬಂಜಿ" ಎಂದು ಬೈದ ದಿನ, ಮುದುಕಿ ನೆಲಕ್ಕೆ ಹಣೆ ಹಚ್ಚುವ ತನಕ ಒತ್ತಿದಳು.

ಎದುರು ಮನೆಯ ಜೇಬುನ್ನೀಸಾ ಒಂದು ಬೆಳಿಗ್ಗೆ ಬಾಗಿಲಲ್ಲಿ ತಡೆದು ಕೇಳಿದಳು. ಆಕೆಯೂ ಇವರಂತೆ ವಿಜಯಪುರದ ಕಡೆಯವಳು, ಆಕೆಯ ಗಂಡ ಧಾರಾವಿಯಲ್ಲಿ ಚರ್ಮದ ಬ್ಯಾಗ್ ಹೊಲಿಯುತ್ತಿದ್ದ.

"ನಿಮ್ಮ ಮನ್ಯಾಗ ಹಗಲೆಲ್ಲ ಯಾವ ಗಂಡಸು ಒದರತಾನ ಬೇಟಿ? ಶರಣು ಕೆಲಸಕ್ಕ ಹೋಗಿರ್ತಾನಲ್ಲ?"

"ಮಶೀನ್ ಅದು ಖಾಲಾ. ಅತ್ತಿ ಹೊರಗ ಹೋಗಬಾರದು ಅಂತ ಮಾಡೀನಿ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಜೇಬುನ್ನೀಸಾ ಕಿವಿಗೊಟ್ಟು ನಿಂತಳು. ಆಕೆಗೆ ದನಿಯ ಗುರುತು ಸಿಕ್ಕಿತು. "ಇದು ಭೀಮರಾಯಣ್ಣನ ಆವಾಜ್ ಐತಲ್ಲ! ಸತ್ತವರನ್ನ ಹಿಂಗ ದುಡಿಸಬಾರದವ್ವಾ. ಅದೂ ಆ ಮನಷ್ಯಾನ್ನ! ಅಕಿ ಜೀವನಪೂರ್ತಿ ಅವನಿಗೆ ಹೆದರ್ಕೊಂಡ ಬದಕ್ಯಾಳ."

"ನನಗ ಯಾರ ಹೆದರಿಕಿ ಇತ್ತು ಅಂತ ಯಾರೂ ಕೇಳಲಿಲ್ಲ ಖಾಲಾ," ಎಂದು ರಂಜನಾ ಬಾಗಿಲು ಹಾಕಿಕೊಂಡಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಬಟ್ಟೆ ನೆನೆಸಲು ಬಾತ್‌ರೂಮಿಗೆ ಹೋದ ರಂಜನಾ ಸಾಬೂನಿನ ನೀರಿನಲ್ಲಿ ಜಾರಿದಳು. ಸೊಂಟದ ಕೆಳಗೆ ಏನೋ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಏಳಲು ನೋಡಿದರೆ ಬಲಗಾಲು ತನ್ನದಲ್ಲದ ಹಾಗೆ ಬೇರೆ ದಿಕ್ಕಿಗೆ ತಿರುಗಿ ಬಿದ್ದಿತ್ತು. ನೋವು ತಡವಾಗಿ ಬಂತು. ಬಂದಾಗ ಅವಳು ಚೀರಿದಳು.

ಬಾತ್‌ರೂಮಿನ ಬಾಗಿಲಲ್ಲಿ ನೀಲಾಬಾಯಿ ಬಂದು ನಿಂತಳು.

"ಯಾಕ ಮಗಳ, ಇಲ್ಲಿ ಮಕ್ಕೊಂಡಿ?"

ಇಷ್ಟು ವರ್ಷದಲ್ಲಿ ಆಕೆ ಸೊಸೆಯನ್ನು ಮಗಳೇ ಎಂದದ್ದು ಅದೇ ಮೊದಲು. ಯಾರೆಂದು ಗುರುತು ಹತ್ತಿರಲಿಕ್ಕಿಲ್ಲ.

"ಅತ್ತಿ, ಕಾಲು ಮುರದೈತಿ. ಮೊಬೈಲ್... ಮೊಬೈಲ್ ತರ್ರಿ," ಎಂದಳು ರಂಜನಾ. ನೀಲಾಬಾಯಿ ಹೋಗಿ ಟಿವಿಯ ರಿಮೋಟ್ ತಂದುಕೊಟ್ಟಳು. "ಇದಲ್ಲ. ಹೋಗ್ಲಿ, ಬಿಡ್ರಿ. ಬಾಗಲಾ ತಗದು ಎದುರು ಮನಿ ಖಾಲಾನ್ನ ಕರೀರಿ. ಜೇಬುನ್ನೀಸಾ ಅಂತ ಒದರ್ರಿ, ಸಾಕು."

"ಕರೀತೀನವ್ವಾ. ಅಳಬ್ಯಾಡ. ಈಗ ಕರೀತೀನಿ."

ಹೆಜ್ಜೆಯ ಸದ್ದು ಬಾಗಿಲ ಕಡೆಗೆ ಹೋಯಿತು. ಬಿದ್ದಲ್ಲಿಂದಲೇ ರಂಜನಾಳಿಗೆ ನೆನಪಾಯಿತು. ಬಾಗಿಲ ಮೇಲಿನ ಸ್ವಿಚ್ಚು ಹಾಕಿಯೇ ಇತ್ತು.

"ಎಲ್ಲಿಗಿ ಹೊಂಟಿ? ಸುಮ್ನ ಒಳಗ ಹೋಗಿ ಕೂಡು!"

ನೀಲಾಬಾಯಿ ಮರಳಿ ಬಂದಳು. "ಅವರು ಬ್ಯಾಡಂತಾರವ್ವಾ."

"ಅವರಿಲ್ಲ ಅತ್ತಿ. ಅದು ಮಶೀನ್. ಹೋಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನೀಲಾಬಾಯಿ ಮತ್ತೆ ಹೋದಳು. ಮತ್ತೆ ಅದೇ ದನಿ. ಈ ಸಲ ಆಕೆ ಉತ್ತರ ಕೊಡುವುದು ಕೇಳಿಸಿತು. "ಹುಡುಗಿ ಬಿದ್ದೈತ್ರಿ. ಒಬ್ರನ್ನ ಕರದು ಬಂದುಬಿಡ್ತೀನ್ರಿ. ಹೊರಗ ನಿಂದ್ರೂದಿಲ್ರಿ." ಬೇಡಿಕೊಳ್ಳುತ್ತಿದ್ದಳು. ಕೈಯಾಡಿಸುತ್ತಿದ್ದಳೋ ಏನೋ, ಒಂದೊಂದು ಅಲುಗಾಟಕ್ಕೂ ಸೆನ್ಸರ್ ಸುಮ್ಮನಿರದೆ ಗದರಿತು. ಎಲ್ಲಿಗಿ ಹೊಂಟಿ. ಎಲ್ಲಿಗಿ ಹೊಂಟಿ. ಆಕೆ ಮರಳಿ ಬಂದಳು.

"ಅತ್ತಿ, ಚಪ್ಪಲಿ ಸ್ಟ್ಯಾಂಡ್ ಮ್ಯಾಲೆ ಡಬ್ಬಿ ಐತಿ. ಅದನ್ನೆತ್ತಿ ನೆಲಕ್ಕ ಬಡೀರಿ. ಒಡದುಹಾಕ್ರಿ."

"ಅವರ್ನ ಬಡಿ ಅಂತೀಯೇನ?" ನೀಲಾಬಾಯಿ ಗಾಬರಿಯಿಂದ ಕೆನ್ನೆ ಕೆನ್ನೆ ಬಡಿದುಕೊಂಡಳು.

"ಮಾವಾರು ಸತ್ತಾರ ಅತ್ತಿ! ಸತ್ತು ಹೋಗ್ಯಾರ!"

"ಹಂಗನಬಾರದು. ಕೇಳಿಸ್ಕೊಂಡಾರು."

ರಂಜನಾ ಇದ್ದ ಶಕ್ತಿಯನ್ನೆಲ್ಲ ಸೇರಿಸಿ "ಖಾಲಾ" ಎಂದು ಕೂಗಿದಳು. ಎರಡನೆಯ ಕೂಗಿಗೆ ನೀಲಾಬಾಯಿ ಒದ್ದೆ ನೆಲದಲ್ಲಿ ಕೂತು, ಸೊಸೆಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದಳು.

"ಒದರಬ್ಯಾಡ. ಅವರಿಗೆ ಸಿಟ್ಟು ಬಂತಂದ್ರ ನಮ್ಮಿಬ್ರನೂ ಬಡೀತಾರ. ನೀ ಹೊಸಬಾಕಿ, ನಿನಗ ಗೊತ್ತಿಲ್ಲ. ತಡ್ಕೊ. ತಡ್ಕೊಂಡ್ರ ಎಲ್ಲಾ ಹೋಗ್ತೈತಿ."

ಇನ್ನೊಂದು ಕೈಯಲ್ಲಿ ಆಕೆ ಸೊಸೆಯ ಕೂದಲು ಸವರುತ್ತಿದ್ದಳು. ಮುದಿ ಕೈಯಾದರೂ ಬಿಗಿಯಾಗಿತ್ತು. ರಂಜನಾ ತಲೆ ಕೊಡವಿದಷ್ಟೂ ಮುರಿದ ಕಾಲಿನಲ್ಲಿ ಬೆಂಕಿ ಏಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೊಡವುವುದನ್ನು ಬಿಟ್ಟಳು. ಸಂಜೆ ಶರಣು ಬರುವ ತನಕ ಅತ್ತೆ ಸೊಸೆ ಹಾಗೆಯೇ ಇದ್ದರು.

ಆಸ್ಪತ್ರೆಗೆ ನೋಡಲು ಬಂದ ಜೇಬುನ್ನೀಸಾ ಬಿಕ್ಕಿ ಬಿಕ್ಕಿ ಅತ್ತಳು. "ನನಗ ಎಲ್ಲಾ ಕೇಳಸ್ತಿತ್ತು ಬೇಟಿ. ಆ ಆವಾಜ್ ಬಿಡದ ಒದರತಿತ್ತು. ಎದ್ದು ಬಾಗಿಲ ತನಕ ಬಂದಿದ್ದೆ. ನೀನೇ ಅಂದಿದ್ದೆಲ್ಲ, ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಂತ."

ತೊಡೆಯ ಮೂಳೆಗೆ ರಾಡ್ ಹಾಕಿ ಮನೆಗೆ ಕಳಿಸಿದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಬೆವರುತ್ತಿದ್ದಳು. ಶರಣು ಬೆಳಿಗ್ಗೆ ಇಬ್ಬರಿಗೂ ಊಟ ಮುಚ್ಚಿಟ್ಟು, ಬಾಗಿಲ ಮೇಲಿನ ಸ್ವಿಚ್ಚು ಹಾಕಿ ಹೋಗುತ್ತಿದ್ದ.

"ಅದನ್ನ ತಗದುಬಿಡ್ರಿ," ಎಂದಳು ರಂಜನಾ.

"ಹುಚ್ಚಿ ಹಂಗ ಮಾತಾಡಬ್ಯಾಡ. ಮೊದಲು ಒಬ್ಬಾಕಿ ಇದ್ಲು, ಈಗ ಇಬ್ರು ಅದೀರಿ. ಕೆಲಸ ಬಿಟ್ಟು ಕುಂದರ್ಲೇನು ನಾ?"

"ಅವತ್ತು ನಾ ಸತ್ತೇ ಹೋಗ್ತಿದ್ದೆ."

"ಅವ್ವ ಹೊರಗ ಹೋಗಿ ರೈಲಿನ ಕೆಳಗ ಸತ್ತಿದ್ರ? ಮಾಡಿದಾಕಿ ನೀನೇ. ಈಗ ನಿನಗೇ ಬ್ಯಾಡ?"

ಕೆಲವು ದಿನ ಬಿಟ್ಟು ರಂಜನಾ, ಮಶೀನು ಒಮ್ಮೊಮ್ಮೆ ಸುಮ್ಮನಾಗುತ್ತಿದೆ, ನೋಡಬೇಕು ಎಂದು ಗಂಡನಿಂದ ಡಬ್ಬಿಯನ್ನು ಮಂಚಕ್ಕೆ ತರಿಸಿಕೊಂಡಳು. ಅವನು ಕೆಲಸಕ್ಕೆ ಹೋದ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ, ಚಿಪ್ಪನ್ನು ಪೂರ್ತಿ ಅಳಿಸಿಹಾಕಿದಳು. ಒಂದು ಕ್ಲಿಕ್ಕು, ಒಂದು ಪ್ರಶ್ನೆ, ಇನ್ನೊಂದು ಕ್ಲಿಕ್ಕು. ಸತ್ತವನನ್ನು ಸಾಯಲು ಬಿಟ್ಟೆ ಎಂದುಕೊಂಡಳು. ಜೇಬುನ್ನೀಸಾಳನ್ನು ಫೋನಿನಲ್ಲಿ ಕರೆದು, ಇನ್ನು ಮೇಲೆ ಬಾಗಿಲು ಹೊರಗಿನಿಂದ ನೋಡಿಕೊಳ್ಳಿ ಎಂದು ಕೇಳಿಕೊಂಡಳು. ಆಕೆ ಒಪ್ಪಿದಳು. ಗಂಡ ಕೇಳಿದರೆ ರಿಪೇರಿ ನಡೆದಿದೆ ಎಂದರಾಯಿತು.

ನೀಲಾಬಾಯಿ ಎಂದಿನಂತೆ ಎದ್ದು ಬಾಗಿಲಿಗೆ ಹೋದಳು. ಗದರಿಕೆ ಬರಲಿಲ್ಲ. ಅಲ್ಲೇ ನಿಂತಳು. ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋದಳು. ಚಿಲಕ ಕೈಯ ಹತ್ತಿರವೇ ಇತ್ತು, ಮುಟ್ಟಲಿಲ್ಲ.

"ಯಾಕ ಮಾತಾಡವಲ್ರಿ?" ಎಂದಳು ಬರಿದಾದ ಚಪ್ಪಲಿ ಸ್ಟ್ಯಾಂಡಿಗೆ. "ಸಿಟ್ಟಾಗೀರೇನು? ನಾ ಎಲ್ಲಿಗೂ ಹೋಗಂಗಿಲ್ರಿ. ಸುಮ್ನ ನಿಂತೀನಿ. ನೋಡ್ರಿ."

ಮಧ್ಯಾಹ್ನದ ತನಕ ಹಾಗೆ ನಿಂತು, ಆಮೇಲೆ ಕೋಣೆಗೆ ಬಂದು ರಂಜನಾಳ ಮಂಚದ ಪಟ್ಟಿ ಹಿಡಿದು ಕೇಳಿದಳು. "ಅವರು ಎಲ್ಲಿಗಿ ಹೋದ್ರವ್ವಾ?"

ಇನ್ನು ಸುಳ್ಳು ಬೇಡ ಎಂದು ರಂಜನಾ ಆಕೆಯ ಕೈ ಹಿಡಿದು ಮೆತ್ತಗೆ ಹೇಳಿದಳು: "ಮಾವಾರು ಹೋಗಿಬಿಟ್ಟಾರ ಅತ್ತಿ. ಎದಿ ನೋವು ಬಂದಿತ್ತು. ಬಾಳ ದಿನ ಆತು."

ಗಂಡ ಸತ್ತಾಗ ಅಳದಿದ್ದ ನೀಲಾಬಾಯಿ ಆಗ ಅತ್ತಳು. ನೆಲಕ್ಕೆ ಕೈ ಬಡಿದು, ಬರಿಯ ಮಣಿಕಟ್ಟುಗಳನ್ನು ಗೋಡೆಗೆ ಅಪ್ಪಳಿಸಿ, ಇಲ್ಲದ ಬಳೆ ಒಡೆದುಕೊಂಡು ಅತ್ತಳು. ಅತ್ತು ಸುಸ್ತಾಗಿ ಮಲಗಿದಳು. ಮರುದಿನ ಎದ್ದಾಗ ಅದೆಲ್ಲ ಮರೆತುಹೋಗಿತ್ತು. ಬಾಗಿಲಿಗೆ ಹೋದಳು, ಕಾದಳು, ಬಂದು ಕೇಳಿದಳು. ಸೈಟಿಗೆ ಹೋಗಿದ್ದಾರೆಂದು ಸುಳ್ಳು ಹೇಳಿದರೆ ಸಂಜೆಯವರೆಗೂ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ, ಅನ್ನ ಮುಟ್ಟುತ್ತಿರಲಿಲ್ಲ. ನಿಜ ಹೇಳಿದರೆ ಅದೇ ಗಳಿಗೆಯಲ್ಲಿ ಮತ್ತೆ ವಿಧವೆಯಾಗುತ್ತಿದ್ದಳು. ಮಣಿಕಟ್ಟು ಬಾತುಕೊಂಡಿತು. ಮಂಚದಲ್ಲಿ ಮಲಗಿದ ರಂಜನಾ ಇದನ್ನು ದಿನವೂ ನೋಡಬೇಕಾಯಿತು. ಕಣ್ಣು ಮುಚ್ಚಿದರೂ ಕೇಳುತ್ತಿತ್ತು.

ದನಿ ಬೇಕಾದರೆ ಇರಲಿ, ಮಾತು ಬೇರೆಯಾದರೆ ಸಾಕು ಎಂದು ಅವಳಿಗೆ ಅನ್ನಿಸಿತು. ಹಳೆಯ ಮೊಬೈಲನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಭೀಮರಾಯನ ಮೆಸೇಜುಗಳನ್ನು ಮೊದಲಿನಿಂದ ಕೇಳಿದಳು. ತಂಬಾಕು ಎಲ್ಲಿಟ್ಟಿ. ಫೋನ್ ಯಾಕ ಎತ್ತಲಿಲ್ಲ, ಸತ್ತಿಯೇನು. ಬಂದ್ನೆಂದ್ರ ಹಲ್ಲು ಉದುರಸ್ತೀನಿ. ಇಡೀ ಮೊಬೈಲಿನಲ್ಲಿ ಹೆಂಡತಿಗೆ ಹೇಳಿದ ಒಂದು ಮೆತ್ತನೆಯ ಮಾತು ಸಿಗಲಿಲ್ಲ. ಕೊನೆಗೆ ಶರಣುವಿನ ಫೋನಿನಲ್ಲಿ ಒಂದು ಸಿಕ್ಕಿತು. ಮಗ ಪುಣೆಯ ಸೈಟಿನಲ್ಲಿದ್ದಾಗ ಕಳಿಸಿದ್ದು: "ಶರಣು, ಉಂಡಿಯೇನೋ? ಬಿಸಲಾಗ ತಿರಗಬ್ಯಾಡ. ಚಂದಾಗಿರು." ಮಗನ ಹೆಸರನ್ನು ಕತ್ತರಿಸಿದಳು. 'ಉಂಡಿಯೇನೋ' ಎಂಬುದರ ಬಾಲ ಕತ್ತರಿಸಿ 'ಉಂಡಿ' ಎಂದಷ್ಟೇ ಉಳಿಸಿದಳು. ಪ್ರತಿ ಉಸಿರನ್ನೂ ಹಿಂದೆ ಮುಂದೆ ಸರಿಸಿ ಕೇಳಿ ಸರಿಪಡಿಸಿದಳು. ಇಷ್ಟು ಜತನದಿಂದ ಅವಳು ಯಾವ ಲಿಫ್ಟಿಗೂ ಪ್ರೋಗ್ರಾಮ್ ಬರೆದಿರಲಿಲ್ಲ.

ಡಬ್ಬಿ ಮರಳಿ ಸ್ಟ್ಯಾಂಡಿಗೆ ಹೋಯಿತು. ನೀಲಾಬಾಯಿ ಬಾಗಿಲ ಹತ್ತಿರ ಬಂದಳು.

"ಉಂಡಿ? ಬಿಸಲಾಗ ತಿರಗಬ್ಯಾಡ. ಚಂದಾಗಿರು."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೀಲಾಬಾಯಿ ಕಿಟಾರನೆ ಕಿರುಚಿಕೊಂಡು ಕೋಣೆಗೆ ಓಡಿಬಂದಳು. ರಂಜನಾಳ ಮಂಚದ ಕೆಳಗೆ ತೂರಲು ನೋಡಿದಳು, ಆಗದೆ, ಆಪರೇಷನ್ ಆದ ಕಾಲನ್ನೇ ತಬ್ಬಿ ಹಿಡಿದಳು. ರಂಜನಾಳಿಗೆ ಕಣ್ಣು ಕತ್ತಲೆ ಬಂತು.

"ಮನ್ಯಾಗ ಯಾರೋ ಗಂಡಸು ಹೊಕ್ಕಾನ! ಯಾರವಾ ಅವ?"

"ಮಾವಾರೇ ಅತ್ತಿ. ಅವರದೇ ದನಿ. ಸರಿಯಾಗಿ ಕೇಳ್ರಿ."

"ಅವರಲ್ಲ! ಅವರು ಹಂಗ ಮಾತಾಡಂಗಿಲ್ಲ. ಪರಗಂಡಸು ಅವ. ಬಾಗಲದಾಗ ನಿಂತು ಕರ್ಯಾಕತ್ತಾನ. ಅವರಿಗೆ ಫೋನ್ ಹಚ್ಚವ್ವಾ, ಲಗೂನ ಬಾ ಅನ್ನು. ಅವರು ಬಂದ್ರ ಇವನ್ನ ಹಿಡದು ಬಡೀತಾರ."

ಆಕೆಯ ಹಲ್ಲು ಕಟಕಟ ಎನ್ನುತ್ತಿತ್ತು. ಕೆಳಗೆ ನೆಲ ಒದ್ದೆಯಾಗಿತ್ತು. ರಂಜನಾ ಕಾಲು ಬಿಡಿಸಿಕೊಂಡು, ವಾಕರ್ ಹಿಡಿದು ಬಾಗಿಲ ತನಕ ಹೋಗಿ, ಸ್ವಿಚ್ಚು ಬಂದ್ ಮಾಡಿ, ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು. ಲ್ಯಾಪ್‌ಟಾಪ್ ತೆರೆದಳು. ಹಳೆಯ ಪ್ರೋಗ್ರಾಮ್ ಅದರಲ್ಲಿ ಹಾಗೆಯೇ ಇತ್ತು. ಕೇಬಲ್ಲನ್ನು ಪೋರ್ಟಿಗೆ ಚುಚ್ಚಿದಳು. ಪ್ರೋಗ್ರಾಮ್ ಚಿಪ್ಪಿಗೆ ಇಳಿಯುವಷ್ಟು ಹೊತ್ತೂ ನೀಲಾಬಾಯಿ ಮೂಲೆಯಲ್ಲಿ ಮುದುಡಿ ಕೂತು "ಅವರು ಬರಲಿ, ಅವರು ಬರಲಿ" ಎನ್ನುತ್ತಿದ್ದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ರಂಜನಾ ನೀಲಿ ಬಟನ್ ಒತ್ತಿದಳು.

"ಎಲ್ಲಿಗಿ ಹೊಂಟಿ? ಸುಮ್ನ ಒಳಗ ಹೋಗಿ ಕೂಡು!"

ನೀಲಾಬಾಯಿಯ ನಡುಕ ನಿಂತಿತು. ಕಣ್ಣೊರೆಸಿಕೊಂಡಳು. ಎದ್ದು, ಒದ್ದೆ ಸೀರೆಯ ಸೆರಗನ್ನು ಹಣೆಗೆಳೆದು, ತನ್ನ ಜಾಗಕ್ಕೆ ಹೋಗಿ ಕೈ ಕಟ್ಟಿ ಕೂತಳು. ಎಷ್ಟೋ ದಿನದಿಂದ ಕಾಣದಿದ್ದ ನೆಮ್ಮದಿ ಆ ಮುಖದಲ್ಲಿತ್ತು.

"ಬಂದ್ರು," ಎಂದಳು. "ಚಾ ಇಡವ್ವಾ ಅವರಿಗೆ. ತಡಾ ಮಾಡಿದ್ರ ಸಿಟ್ಟಾಗ್ತಾರ."

ರಂಜನಾ ವಾಕರ್ ಹಿಡಿದು ಅಡುಗೆಮನೆಗೆ ಹೋಗಿ ಗ್ಯಾಸು ಹಚ್ಚಿದಳು. ಚಹಾ ಕುದಿಯುವ ತನಕ ಕಟ್ಟೆಗೆ ಒರಗಿ, ಒಂದೇ ಕಾಲಿನ ಮೇಲೆ ನಿಂತಿದ್ದಳು. ಕಪ್ಪನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡಬೇಕೆಂದು ನೀಲಾಬಾಯಿ ಹಟ ಹಿಡಿದಳು. ರಂಜನಾ ಅಲ್ಲೇ ಇಟ್ಟಳು. ಸಂಜೆ ಶರಣು ಬಂದಾಗ ಅದು ಅಲ್ಲೇ ಇತ್ತು. ಯಾರದೆಂದು ಕೇಳದೆ ಎತ್ತಿ ಬಾಯಿಗಿಟ್ಟವನು, ಕೆನೆಗಟ್ಟಿದ ತಣ್ಣನೆಯ ಚಹಾವನ್ನು ಥೂ ಎಂದು ಉಗುಳಿ, ಒಳಗೆ ಕೇಳುವಂತೆ ಗದರಿದ. ಕೋಣೆಯಲ್ಲಿದ್ದ ಇಬ್ಬರೂ ಒಟ್ಟಿಗೇ ಬೆಚ್ಚಿದರು.